ಕೂತರೆ ಬರುವ ನೋವು

ನನಗೆ ನೋವಿದ್ದದ್ದು ಅಂಡಿನಲ್ಲಿ. ಓದುವವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಅದಕ್ಕೆ ಮರ್ಯಾದಸ್ಥರ ಹೆಸರಿಟ್ಟು ನೋಡಿದ್ದೂ ಆಯಿತು, ಅದರ ಫಲ ಉಂಡದ್ದೂ ಆಯಿತು.

ಇನ್ನೂ ಸರಿಯಾಗಿ ಹೇಳಬೇಕೆಂದರೆ ಬೆನ್ನುಮೂಳೆ ಮುಗಿಯುವ ತುದಿಯಿಂದ ಕೊಂಚ ಎಡಕ್ಕೆ, ಕೂತಾಗ ನೆಲಕ್ಕೆ ತಾಗುತ್ತದಲ್ಲ, ಅಲ್ಲಿ. ನಿಂತರೆ ನೋವಿಲ್ಲ, ನಡೆದರೆ ನೋವಿಲ್ಲ, ಮಗ್ಗುಲಾಗಿ ಮಲಗಿದರೆ ಸಹಿಸಬಹುದು. ಕೂತರೆ ಮಾತ್ರ ಕೆಂಡದ ಮೇಲೆ ಕೂತಂತೆ. ಎರಡನೆಯ ಮಹಾಯುದ್ಧ ಶುರುವಾಗಿ ಹಲಸೂರಿನ ಬೀದಿಗಳಲ್ಲಿ ಮಿಲಿಟರಿ ಲಾರಿಗಳ ಓಡಾಟ ಹೆಚ್ಚಾದ ಕಾಲ ಅದು. ನನಗೆ ನಲವತ್ತು ದಾಟಿತ್ತು, ಮಗಳ ಮದುವೆ ಮಾಡಿ ಕಳಿಸಿಯಾಗಿತ್ತು. ಎಲ್ಲೂ ಬಿದ್ದಿರಲಿಲ್ಲ, ಯಾವ ಪೆಟ್ಟೂ ಆಗಿರಲಿಲ್ಲ. ಒಂದು ಬೆಳಿಗ್ಗೆ ರಂಗೋಲಿ ಹಾಕಿ ಎದ್ದೆ, ನೋವು ನನ್ನ ಜೊತೆಯಲ್ಲೇ ಎದ್ದಿತು.

ನಮ್ಮಂಥ ಮನೆಯಲ್ಲಿ ಹೆಂಗಸಿನ ಕೆಲಸ ಯಾವುದು ನಿಂತು ಆಗುತ್ತದೆ, ನೀವೇ ಹೇಳಿ. ಒಲೆ ನೆಲದ ಮೇಲೆ, ಒರಳು ನೆಲದಲ್ಲಿ, ಈಳಿಗೆ ಮಣೆಯ ಮೇಲೆ ಕೂರದೆ ಒಂದು ಬದನೆಕಾಯಿ ಹೆಚ್ಚುವಂತಿಲ್ಲ. ರೇಷನ್ ಅಕ್ಕಿಯಲ್ಲಿ ಅಕ್ಕಿಗಿಂತ ಕಲ್ಲೇ ಹೆಚ್ಚು. ಮೊರ ಮುಂದಿಟ್ಟುಕೊಂಡು ಹೊತ್ತುಗಟ್ಟಲೆ ಕೂತು ಆರಿಸಬೇಕು. ಊಟ ಕೂತು, ಪೂಜೆ ಕೂತು, ಸಾವಿನ ಮನೆಯಲ್ಲಿ ಅಳುವುದೂ ಕೂತೇ. ಕೂರಲಾರದ ಹೆಂಗಸು ಇಂಥ ಮನೆಗೆ ಕುಂಟು ಎತ್ತಿಗಿಂತ ದಂಡ. ನಾನು ತಟ್ಟೆ ಕೈಯಲ್ಲಿ ಹಿಡಿದು ಗೋಡೆಗೊರಗಿ ಉಣ್ಣತೊಡಗಿದಾಗ ನಮ್ಮತ್ತೆ ಹೇಳಿದರು: "ನಿಂತ್ಕೊಂಡು ಉಂಡ್ರೆ ಮನೇಗೆ ದರಿದ್ರ ಬರುತ್ತೆ ಕಣೆ. ಕುದುರೆನಾ ನೀನು?"

ಅತ್ತೆಗೆ ನಾನು ಮುಚ್ಚಿಡಲಿಲ್ಲ. ಕೈಯಿಟ್ಟು ತೋರಿಸಿಯೇ ಹೇಳಿದೆ, ಇಲ್ಲಿ ಅಂತ. ಅವರು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಸೊಂಟ ಅನ್ನು," ಎಂದರು. "ಎಲ್ಲ ನರಾನೂ ಸೊಂಟದಿಂದ್ಲೇ ಇಳಿಯೋದು. ಸೊಂಟ ಸರಿಹೋದ್ರೆ ಅದೂ ಸರಿಹೋಗುತ್ತೆ."

ಹೀಗೆ ನನ್ನ ನೋವು ಒಂದು ಗೇಣು ಮೇಲಕ್ಕೆ ಹತ್ತಿತು. ಸೊಂಟಕ್ಕೆ ಹರಳೆಣ್ಣೆ ನೀವಿದರು, ಮರಳು ಹುರಿದು ಗಂಟು ಕಟ್ಟಿ ಶಾಖ ಕೊಟ್ಟರು. ಶಿವಾಜಿನಗರದ ಹಕೀಮರೊಬ್ಬರು ನಾಡಿ ಹಿಡಿದು, "ಕಮರ್ ಮೇಂ ಹವಾ ಭರ್ ಗಯೀ" ಎಂದರು, ಸೊಂಟದಲ್ಲಿ ಗಾಳಿ ತುಂಬಿದೆಯಂತೆ. ಗಾಳಿ ತೆಗೆಯಲು ಬೆನ್ನಿಗೆ ಬೆಂಕಿ ತೋರಿಸಿದ ಲೋಟ ಕವುಚಿ ಹಾಕಿಸಿಕೊಂಡು ಬಂದೆ. ಕಡೆಗೆ ಕೃಷ್ಣರಾಜಪುರದ ಕಡೆಯಿಂದ ಒಬ್ಬ ಮುದುಕಿಯನ್ನು ಕರೆಸಿದರು. ಅವಳು ಅರಿಶಿನದ ಕೊಂಬನ್ನು ದೀಪದಲ್ಲಿ ಕಾಯಿಸಿ ಬರೆ ಹಾಕುವವಳು. ಅತ್ತೆ ನನ್ನ ಸೆರಗು ಎತ್ತಿ ಹಿಡಿದು ಸೊಂಟ ತೋರಿಸಿದರು. ಅವಳು ಅಲ್ಲಿಗೇ ಎಳೆದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಗಾದೆಯನ್ನು ನಾನು ಬಾಲ್ಯದಿಂದ ಕೇಳಿ ನಕ್ಕವಳು. ಆ ಗಾದೆಯಲ್ಲಿ ಎಮ್ಮೆಯನ್ನು ಯಾರೂ ಏನೂ ಕೇಳಿರಲಿಲ್ಲ ಎಂಬುದು ಅವತ್ತು ಹೊಳೆಯಿತು.

ಇದನ್ನೆಲ್ಲ ನಾನು ಸಹಿಸಿಕೊಂಡದ್ದಕ್ಕೆ ಒಂದು ಕಾರಣವಿತ್ತು. ಇದು ಮನೆಮದ್ದು, ಹೆಂಗಸರ ನಾಚಿಕೆಯ ಮದ್ದು. ಇದು ಮುಗಿಯಲಿ, ಆಮೇಲೆ ಇಂಗ್ಲಿಷ್ ಡಾಕ್ಟರಿದ್ದಾರೆ ಎಂದುಕೊಂಡಿದ್ದೆ. ನನ್ನ ಗಂಡ ಮಿಲಿಟರಿ ಉಗ್ರಾಣದ ಕಚೇರಿಯಲ್ಲಿ ಗುಮಾಸ್ತರು. ಅವರಿಗೆ ಎಲ್ಲವೂ ಗೊತ್ತಿತ್ತು. ಕೋಣೆಯಲ್ಲಿ ಅವರಿಗೆ ತೋರಿಸಿದ್ದೆ, ಅತ್ತಿದ್ದೆ. ಒಂದೊಂದು ಸಲ ಅವರೇ ಬಟ್ಟೆ ಬಿಸಿ ಮಾಡಿ ಅಲ್ಲಿಗೇ ಒತ್ತಿಕೊಟ್ಟಿದ್ದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು.

ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಹೆಸರಾಂತ ಡಾಕ್ಟರೊಬ್ಬರಿದ್ದರು, ತಮಿಳಿನವರು, ವಯಸ್ಸಾದವರು. ನನ್ನ ಗಂಡನ ಕಚೇರಿಯ ಸಾಹೇಬರನ್ನೂ ಅವರೇ ನೋಡುತ್ತಿದ್ದರು. ಜಟಕಾದಲ್ಲಿ ಕೂರಲಾರೆನೆಂದು ನಾವು ಹಲಸೂರಿನಿಂದ ನಡೆದೇ ಹೋದೆವು. ನನ್ನ ಗಂಡ ಮುಂದೆ, ನಾನು ಹಿಂದೆ, ಪರೇಡ್ ಮೈದಾನದ ಪಕ್ಕದಲ್ಲಿ ಗೋರಾ ಸಿಪಾಯಿಗಳ ಕಣ್ಣು ತಪ್ಪಿಸಿಕೊಂಡು. ನಿಜ ಹೇಳುತ್ತೇನೆ, ಆ ದಿನ ನನಗೆ ಹಬ್ಬಕ್ಕೆ ಹೊರಟಷ್ಟು ಸಂತೋಷವಿತ್ತು. ಇವತ್ತು ನೋವಿಗೆ ಕಾರಣ ತಿಳಿಯುತ್ತದೆ ಎಂಬ ಸಂತೋಷ. ವಾಸಿಯಾಗದಿದ್ದರೂ ಸರಿ, ಇದು ಇಂಥದ್ದು ಎಂದು ಬಲ್ಲವರೊಬ್ಬರು ಹೇಳಿದರೆ ಸಾಕಿತ್ತು. ಮನೆಯಲ್ಲಿ ಆಗಲೇ ನನ್ನ ನೋವಿಗೆ ಸೋಮಾರಿತನ ಎಂದು, ಮುಟ್ಟು ನಿಲ್ಲುವ ಕಾಲದ ಹುಚ್ಚು ಎಂದು ಹೆಸರಿಡತೊಡಗಿದ್ದರು.

ಆಗಿನ ಪದ್ಧತಿ ಹೇಗಿತ್ತೆಂದರೆ, ರೋಗ ಹೆಂಡತಿಯದು, ಅದನ್ನು ಹೇಳುವವನು ಗಂಡ. ಡಾಕ್ಟರು ಅವರನ್ನು ಕೇಳುವುದು, ಅವರು ನನ್ನ ಕಡೆ ತಿರುಗಿ "ಹಸಿವು ಹೇಗಿದೆ?" ಎನ್ನುವುದು, ನಾನು ಅವರಿಗೆ ಹೇಳುವುದು, ಅವರು ಡಾಕ್ಟರಿಗೆ ಒಪ್ಪಿಸುವುದು. ಮಾತೆಲ್ಲ ಇಂಗ್ಲಿಷಿನಲ್ಲಿ. ನನ್ನ ಗಂಡನಿಗೆ ಇಂಗ್ಲಿಷ್ ಮಾತನಾಡುವ ಅವಕಾಶ ಸಿಕ್ಕರೆ ಬೆನ್ನು ನೆಟ್ಟಗಾಗುತ್ತಿತ್ತು. ನಾನು ಕುರ್ಚಿಯ ಅಂಚಿನಲ್ಲಿ ಬಲಮಗ್ಗುಲಿಗೆ ಭಾರ ಹಾಕಿ ಕೂತಿದ್ದೆ, ಅವರಿಬ್ಬರ ಬಾಯಿ ನೋಡುತ್ತಾ. ಡಾಕ್ಟರು ಎದ್ದು ಬಂದು ಸೆರಗಿನ ಮೇಲಿನಿಂದಲೇ ನನ್ನ ಬೆನ್ನನ್ನು ಎರಡು ಬೆರಳಲ್ಲಿ ತಟ್ಟಿ, ಸೊಂಟದವರೆಗೆ ಬಂದು ನಿಂತರು. ಇನ್ನೂ ಕೆಳಗೆ ಗಂಡಸಾದವರು ಹೇಗೆ ಮುಟ್ಟಿಯಾರು ಎಂದುಕೊಂಡೆ. ಮುಟ್ಟದೆಯೇ ತಿಳಿಯುವ ವಿದ್ಯೆ ಅವರಿಗಿರಬೇಕು ಎಂದೂ ಅಂದುಕೊಂಡೆ.

ಪುಡಿ ಕೊಟ್ಟರು, ಕೆಂಪು ನೀರಿನ ಔಷಧಿ ಕೊಟ್ಟರು, ಪಟ್ಟಿ ಹಚ್ಚಿಸಿದರು. ಯಾವುದೂ ನಾಟಲಿಲ್ಲ. ಆಮೇಲೆ ಒಂದು ದಿನ ನನ್ನ ಬಾಯಿ ತೆರೆಸಿ ದೀಪ ಹಿಡಿದು ನೋಡಿದರು. ಇಬ್ಬರೂ ತುಂಬ ಹೊತ್ತು ಮಾತಾಡಿದರು. ಹೊರಗೆ ಬಂದು ನನ್ನ ಗಂಡ ಹೇಳಿದರು: "ಹಲ್ಲಿನ ಬೇರಲ್ಲಿ ವಿಷ ಇದೆಯಂತೆ. ಅದು ರಕ್ತದಲ್ಲಿ ಇಳಿದು ಕೀಲುಗಳಲ್ಲಿ ಕೂತ್ಕೊಳ್ಳುತ್ತಂತೆ. ವಿಲಾಯತಿಯಲ್ಲೆಲ್ಲ ಈಗ ಹೀಗೇ ಮಾಡ್ತಾರಂತೆ. ತೆಗೆಸ್ಬಿಡೋಣ."

"ಯಾವ ಹಲ್ಲು?" ಎಂದೆ.

"ಎಲ್ಲಾನೂ."

ನನ್ನ ಹಲ್ಲುಗಳ ಬಗ್ಗೆ ಒಂದು ಮಾತು. ಬೀದಿಯ ಹೆಂಗಸರು ಒಡೆಯಲಾಗದ ಅಡಿಕೆಯನ್ನು ನನ್ನ ಹತ್ತಿರ ತರುತ್ತಿದ್ದರು. ನಾನು ಕಟ್ ಎಂದು ಕಡಿದು ಕೊಡುತ್ತಿದ್ದೆ. ಒಂದರಲ್ಲೂ ಹುಳುಕಿರಲಿಲ್ಲ. ಆದರೂ ಒಪ್ಪಿದೆ. ನೋವು ಎಲ್ಲಿದೆ ಎಂದು ಡಾಕ್ಟರಿಗೆ ಗೊತ್ತಿದ್ದೂ ಹಲ್ಲು ಕೀಳಿಸು ಅನ್ನುತ್ತಿದ್ದಾರೆ ಎಂದರೆ ಅದರಲ್ಲಿ ಏನೋ ಇರಬೇಕು ಎಂದು ನಂಬಿದೆ. ಹಲ್ಲಿನವರ ಅಂಗಡಿಯಲ್ಲಿ ನನ್ನನ್ನು ಕಬ್ಬಿಣದ ಕುರ್ಚಿಯಲ್ಲಿ ಕೂರಿಸಿದರು. ಇಕ್ಕಳ ಬಾಯಿಗೆ ಬಂದಾಗ ನಾನು ಒದ್ದಾಡಿದ್ದನ್ನು ಕಂಡು ಹಲ್ಲಿನವರು, "ಧೈರ್ಯ ತಗೊಳಿ ಅಮ್ಮ, ಹಲ್ಲೇ ತಾನೆ," ಎಂದು ಸಮಾಧಾನ ಹೇಳಿದರು. ನಾನು ಒದ್ದಾಡಿದ್ದು ಹಲ್ಲಿಗಲ್ಲ, ಕುರ್ಚಿಗೆ.

ಕಂತುಕಂತಾಗಿ ಬಾಯಿ ಖಾಲಿಯಾಯಿತು. ನನ್ನ ಗಂಡ ಅನ್ನ ಕಲಸಿ ಮೆತ್ತಗೆ ಮಾಡಿ ಕೊಡುತ್ತಿದ್ದರು, ನನ್ನ ಮುಖ ನೋಡಲಾರದೆ ತಟ್ಟೆ ನೋಡುತ್ತಿದ್ದರು. ಕನ್ನಡಿಯಲ್ಲಿ ನನ್ನ ಅಜ್ಜಿ ಕಾಣತೊಡಗಿದಳು. ಆ ವರ್ಷ ಮಗಳು ಬುಟ್ಟಿ ತುಂಬ ಕಡಲೆಕಾಯಿ ತಂದಳು. ಹಲ್ಲಿದ್ದಾಗ ಕಡಲೆಯಿಲ್ಲ ಎಂದು ನಾನೇ ನಗಲು ನೋಡಿದೆ. ಅವಳು ಹಿತ್ತಿಲಿಗೆ ಹೋಗಿ ಅತ್ತುಬಂದಳು. ನೋವು ಮಾತ್ರ ಅಲುಗಲಿಲ್ಲ. ಅದು ಎಲ್ಲಿ ಕೂತಿತ್ತೋ ಅಲ್ಲೇ ಕೂತಿತ್ತು. ಮನೆಯಲ್ಲಿ ಆರಾಮವಾಗಿ ಕೂತದ್ದು ಅದೊಂದೇ.

ವಸಡಿನಲ್ಲಿ ಕೀವಾಗಿ ಮತ್ತೆ ದಂಡಿನ ಡಾಕ್ಟರನ್ನು ನೋಡಬೇಕಾಗಿ ಬಂತು. ಕಚೇರಿಯಲ್ಲಿ ಕೆಲಸ ವಿಪರೀತವಾಗಿ ನನ್ನ ಗಂಡನಿಗೆ ರಜೆ ಸಿಗಲಿಲ್ಲ. ಒಬ್ಬಳೇ ಹೋದೆ, ಮದುವೆಯಾದ ಮೇಲೆ ಮೊದಲ ಸಲ. ಡಾಕ್ಟರು ನನ್ನ ಹಿಂದೆ ಬಾಗಿಲಿನತ್ತ ಯಾರಾದರೂ ಬರುವರೇ ಎಂದು ನೋಡಿದರು. ಯಾರೂ ಬರದಿದ್ದಾಗ, ಬೇರೆ ದಾರಿಯಿಲ್ಲದೆ, ನನ್ನನ್ನೇ ತಮಿಳಿನಲ್ಲಿ ಕೇಳಿದರು: "ಇಡುಪ್ಪು ವಲಿ ಎಪ್ಪಡಿ ಇರುಕ್ಕು?" ಸೊಂಟದ ನೋವು ಹೇಗಿದೆ ಎಂದು.

ಹಲಸೂರಿನಲ್ಲಿ ಹುಟ್ಟಿ ಬೆಳೆದವಳಿಗೆ ತಮಿಳು ಯಾರೂ ಕಲಿಸಬೇಕಾಗಿಲ್ಲ. ಸೊಂಟದಲ್ಲಿ ನನಗೆ ಯಾವತ್ತೂ ನೋವಿರಲಿಲ್ಲ ಎಂದೆ. ಅವರು ಕನ್ನಡಕ ತೆಗೆದರು. ಮತ್ತೆ ಎಲ್ಲಿ ಎಂದರು. ನಾನು ಎದ್ದು ನಿಂತು ಸೀರೆಯ ಮೇಲೆ ಕೈಯಿಟ್ಟು ತೋರಿಸಿದೆ. ಕೂತರೆ ಮಾತ್ರ ಎಂದೆ. ಎಷ್ಟು ಕಾಲವಾಯಿತು, ಹೇಗೆ ಶುರುವಾಯಿತು, ಎಲ್ಲವನ್ನೂ ಬೊಚ್ಚುಬಾಯಲ್ಲಿ, ಅವರದೇ ಭಾಷೆಯಲ್ಲಿ, ಒಂದೇ ಉಸಿರಿಗೆ ಹೇಳಿದೆ.

"ನಿಮ್ಮ ಯಜಮಾನರು ಮೊದಲಿನಿಂದಲೂ ಸೊಂಟ ಎಂದೇ ಹೇಳಿದ್ದಾರೆ," ಎಂದರು ಡಾಕ್ಟರು. ಆಮೇಲೆ ಸಿಟ್ಟಾದರು. ನನ್ನ ಗಂಡನ ಮೇಲಲ್ಲ, ನನ್ನ ಮೇಲೆ. "ನೀವು ಮೊದಲೇ ಯಾಕೆ ಹೇಳಲಿಲ್ಲ?"

"ನೀವು ನನ್ನನ್ನು ಕೇಳಲಿಲ್ಲ," ಎಂದೆ.

ಅವರಿಗೆ ನಾಚಿಕೆಯಾಯಿತೋ ಇಲ್ಲವೋ ಗೊತ್ತಿಲ್ಲ. ಹೆಂಗಸರ ಆಸ್ಪತ್ರೆಯ ಒಬ್ಬ ಡಾಕ್ಟರಮ್ಮನ ಹತ್ತಿರ ಹೋಗಿ ಎಂದು ಹೇಳಿ ಕಳಿಸಿದರು. ಆ ಬಾರಿಯೂ ಒಬ್ಬಳೇ ಹೋದೆ. ಆಕೆ ನನ್ನನ್ನು ಮಗ್ಗುಲಾಗಿ ಮಲಗಿಸಿ, ತೆರೆ ಎಳೆದು, ಬೆರಳಿನಿಂದ ನೋವಿದ್ದ ಕಡೆಗೇ ಒತ್ತಿದರು. ಚೀರಿದೆ. ಎಣ್ಣೆ, ಮರಳು, ಲೋಟ, ಅರಿಶಿನದ ಕೊಂಬು, ಇಕ್ಕಳ ಎಲ್ಲ ಆದ ಮೇಲೆ ವೈದ್ಯರೊಬ್ಬರ ಬೆರಳು ನೋವಿನ ಜಾಗಕ್ಕೆ ಬಂದದ್ದು ಅದೇ ಮೊದಲು. ಕ್ಷ-ಕಿರಣದ ಚಿತ್ರವನ್ನೂ ತೆಗೆಸಿದರು. ಅದರಲ್ಲಿ ಏನೂ ಕಾಣಲಿಲ್ಲ.

"ಏನೂಂತ ನಂಗೆ ಗೊತ್ತಾಗ್ತಿಲ್ಲಮ್ಮ," ಎಂದರು ಆಕೆ. "ಮೂಳೆ ಸರಿಯಾಗೇ ಇದೆ. ಬಾವಿಲ್ಲ, ಗಂಟಿಲ್ಲ. ಆದ್ರೆ ನೋವಿರೋದು ನಿಜ, ಇಲ್ಲೇ ಇದೆ." ನನ್ನ ಬಾಯಿಯತ್ತ ನೋಡಿ, "ಹಲ್ಲೆಲ್ಲ ಯಾಕೆ ಕೀಳಿಸಿದ್ರಿ?" ಎಂದು ಕೇಳಿದರು. ಉತ್ತರ ಹೇಳಲು ಬಾಯಿ ತೆರೆದೆ, ಅಳು ಬಂತು. ಕೊಡ ಹೊರುವಾಗ ತಲೆಗೆ ಇಟ್ಟುಕೊಳ್ಳುತ್ತಾರಲ್ಲ ಸಿಂಬಿ, ಅದೇ ಥರ ಹಳೆಯ ಸೀರೆಯಲ್ಲಿ ದೊಡ್ಡದೊಂದು ಸುತ್ತಿ ಅದರ ಮೇಲೆ ಕೂರಿ ಎಂದು ಹೇಳಿಕೊಟ್ಟರು. ಔಷಧಿ ಎಂದು ನನಗೆ ಸ್ವಲ್ಪವಾದರೂ ಸುಖ ಕೊಟ್ಟದ್ದು ಅದೊಂದೇ. ಅದು ಮೊದಲ ದಿನವೇ ಸಿಗಬಹುದಾಗಿತ್ತು.

ಡಾಕ್ಟರಮ್ಮನನ್ನು ನೋಡುವವರೆಗೆ ಆ ಮಾತನ್ನು ನನ್ನಲ್ಲೇ ಇಟ್ಟುಕೊಂಡಿದ್ದೆ. ಆ ಸಂಜೆ ನನ್ನ ಗಂಡನಿಗೆ ಕೋಟು ಬಿಚ್ಚುವುದಕ್ಕೂ ಬಿಡದೆ ಕೇಳಿದೆ. "ಡಾಕ್ಟ್ರಿಗೆ ನೀವು ಸೊಂಟ ಅಂತ ಹೇಳಿದ್ರಾ?"

ಅವರು ಸುಳ್ಳು ಹೇಳಲಿಲ್ಲ. "ಹೌದು," ಎಂದರು. "ನಮ್ಮ ಸಾಹೇಬ್ರನ್ನ ನೋಡೋ ಡಾಕ್ಟ್ರು ಅವ್ರು. ಅವ್ರ ಮುಂದೆ ನನ್ನ ಹೆಂಡ್ತಿಯ ಆ ಜಾಗದ ಮಾತು ಹೇಗೆ ಎತ್ಲಿ? ನಾಳೆ ಎದುರಿಗೆ ಸಿಕ್ಕಿದ್ರೆ ಮುಖ ಹೇಗೆ ನೋಡ್ಲಿ? ಒಂದು ಗೇಣಿನ ವ್ಯತ್ಯಾಸ ಅಷ್ಟೇ ಅಲ್ವೇನೆ. ಡಾಕ್ಟ್ರಾದವ್ರಿಗೆ ತಿಳಿಯುತ್ತೆ ಅಂದ್ಕೊಂಡೆ."

"ಆ ಒಂದು ಗೇಣಿಗೆ ನನ್ನ ಬಾಯಿ ತುಂಬ ಹಲ್ಲು ಹೋಯ್ತಲ್ಲ ರೀ. ಒಂದೊಂದು ಕೀಳುವಾಗ್ಲೂ ನೀವು ಪಕ್ಕದಲ್ಲೇ ನಿಂತಿದ್ರಲ್ಲ. ಆಗ್ಲಾದ್ರೂ ಹೇಳ್ಬಾರ್ದಾಗಿತ್ತಾ?"

"ಅಷ್ಟು ದಿನ ಸೊಂಟ ಅಂದು ಆಮೇಲೆ ಅಲ್ಲ ಅಂದ್ರೆ ಏನ್ ತಿಳ್ಕೊಳ್ತಾರೆ?" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಕರುಣೆ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ನನ್ನ ದೇಹದ ಮೇಲೆ ಅವರಿಗೆ ಪ್ರೀತಿಯಿತ್ತು ಎಂಬುದನ್ನು ನಾನು ಬಲ್ಲೆ. ಆದರೆ ಆ ಪ್ರೀತಿಗಿಂತ ಪರಸ್ಥರೊಬ್ಬರ ಒಳ್ಳೆಯ ಅಭಿಪ್ರಾಯ ದೊಡ್ಡದಾಯಿತು, ಅದನ್ನು ನಾನು ಮನ್ನಿಸಲಾರೆ.

ಇಷ್ಟಾದ ಮೇಲೆ ಅವರು ಬದಲಾದರು ಎಂದು ನೀವು ಎಣಿಸಬಹುದು. ಮುಂದಿನ ಯುಗಾದಿಗೆ ಅವರ ಅಣ್ಣ, ಅತ್ತಿಗೆ, ಅವರ ಬೀಗರು ಎಲ್ಲ ನಮ್ಮಲ್ಲಿಗೆ ಬಂದರು. ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂತಿದ್ದರು. ನನ್ನ ಸಿಂಬಿಯನ್ನು ಅತ್ತೆ ಬೆಳಿಗ್ಗೆಯೇ ಮಂಚದ ಕೆಳಗೆ ತಳ್ಳಿದ್ದರು, ಬಂದವರು ಇದೇನೆಂದು ಕೇಳಿದರೆ ಏನು ಹೇಳುವುದು ಎಂದು. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಇದ್ದೆ. "ಕೂತ್ಕೋಮ್ಮ," ಎಂದರು ಭಾವ. ನನ್ನ ಗಂಡ ತಕ್ಷಣ, ನನ್ನ ಪರವಾಗಿ, ಎಂದಿನಂತೆ ಉತ್ತರ ಕೊಟ್ಟರು: "ಪಾಪ, ಅವಳಿಗೆ ಸೊಂಟ ನೋವು."

"ಸೊಂಟ ಅಲ್ಲ ಭಾವ," ಎಂದೆ. "ಅಂಡು. ಇಲ್ಲಿ." ತಿರುಗಿ ನಿಂತು ಕೈಯಿಟ್ಟು ತೋರಿಸಿದೆ. "ಕೂತ್ರೆ ಉರಿ. ಏನೂಂತ ಯಾವ ಡಾಕ್ಟ್ರಿಗೂ ಗೊತ್ತಾಗಿಲ್ಲ. ಸೊಂಟ ಅಂತ ಸುಳ್ಳು ಹೇಳಿ ಹಲ್ಲು ಕೀಳಿಸಿದ್ರು."

ಬೀಗರ ಹೆಂಗಸು ಒಬ್ಬಟ್ಟಿನ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ಭಾವ ರೇಷನ್ ಗೋಧಿಯ ವಿಚಾರ ತೆಗೆದರು, ನನ್ನ ಗಂಡ ಎಲ್ಲರಿಗಿಂತ ಜೋರಾಗಿ ಅದರಲ್ಲಿ ಸೇರಿಕೊಂಡರು. ಸಂಜೆ ಹೊರಡುವಾಗ ಅತ್ತಿಗೆ ಎಲ್ಲರಿಗೂ ಹೇಳಿ, ನನಗೆ ಮಾತ್ರ ಹೇಳದೆ ಮೆಟ್ಟಿಲಿಳಿದರು. ಅದಾದ ಮೇಲೆ ನಮ್ಮ ಮನೆಗೆ ಬಂದವರಾಗಲಿ, ಮನೆಯವರಾಗಲಿ, ನೋವು ಹೇಗಿದೆ ಎಂದು ನನ್ನನ್ನು ಕೇಳಿದ್ದಿಲ್ಲ. ಎಲ್ಲಿದೆ ಎಂದು ಎಲ್ಲರಿಗೂ ತಿಳಿದ ದಿನವೇ ಅದು ವಾಸಿಯಾಯಿತೆಂದು ಅವರೆಲ್ಲ ತೀರ್ಮಾನಿಸಿಕೊಂಡರು.