ಮಜ್ಜಿಗೆ ದೊಣೆ

ಗೌರಿಬಿದನೂರಿನಲ್ಲಿ ಸ್ಕೂಲ್ ಮೇಷ್ಟರಾಗಿದ್ದಾಗ ನನಗೊಂದು ಹುಚ್ಚಿತ್ತು. ಸುತ್ತಲಿನ ಬೆಟ್ಟದ ಕೋಟೆಗಳಲ್ಲಿ ಜನ ನೀರಿಗೆ ಏನು ಮಾಡುತ್ತಿದ್ದರೆಂದು ತಿಳಿಯಬೇಕು. ಬಂಡೆಗಳಲ್ಲಿ ಮಳೆನೀರು ನಿಲ್ಲುವ ದೊಣೆಗಳನ್ನೆಲ್ಲ ಪಟ್ಟಿ ಮಾಡಿಕೊಂಡು ತಿರುಗುತ್ತಿದ್ದೆ. ಮನೆಯವರು ಇದನ್ನು ಕೆಲಸವಿಲ್ಲದವನ ಕೆಲಸ ಅನ್ನುತ್ತಿದ್ದರು.

ಚಿಂತಾಮಣಿಯಲ್ಲಿ ಆಗ ಒಂದು ಖಾಸಗಿ ಪುಸ್ತಕ ಭಂಡಾರವಿತ್ತು. ಜಮೀನುದಾರರೊಬ್ಬರು ಬದುಕಿದ್ದಷ್ಟು ಕಾಲವೂ ಕೂಡಿಸಿದ್ದು. ಅವರು ತೀರಿಕೊಂಡ ಮೇಲೆ ಹೆಂಡತಿ ಅದನ್ನು ನಡೆಸುತ್ತಿದ್ದರು. ಏನು ಓದಬೇಕೆಂದು ಒಂದು ಕಾರ್ಡು ಬರೆದರೆ ಸಾಕು, ಬೇಸಿಗೆ ರಜದಲ್ಲಿ ಒಂದು ತಿಂಗಳು ಅಲ್ಲೇ ಉಳಿಯಬಹುದು. ಕೋಣೆ, ಊಟ, ಸೀಮೆಎಣ್ಣೆ ದೀಪ ಎಲ್ಲ ಅವರದೇ. ಕಟ್ಟಳೆ ಒಂದೇ: ಅಂದು ಓದಿದ್ದರಲ್ಲಿ ಏನು ಸಿಕ್ಕಿತೆಂದು ಸಂಜೆ ಜಗಲಿಯ ಮೇಲೆ ಕೂತು ಅಮ್ಮನವರಿಗೆ ಹೇಳಬೇಕು. ಅವರಿಗೆ ಓದಲು ಬರುತ್ತಿರಲಿಲ್ಲ. ಗಂಡ ಇದ್ದಾಗ ತಾವು ಓದಿದ್ದನ್ನು ದಿನಾ ಹೀಗೇ ಇವರಿಗೆ ಹೇಳುತ್ತಿದ್ದರಂತೆ.

ನಾನು ಹೋದದ್ದು ಐವತ್ತರ ದಶಕದ ಕೊನೆಯಲ್ಲಿ. ಮೊದಲ ಎರಡು ವಾರ ಹೇಳುವುದಕ್ಕೆ ಬೇಕಾದಷ್ಟಿತ್ತು. ಅಮ್ಮನವರು ಹೂ ಕಟ್ಟುತ್ತ ಕೇಳುತ್ತಿದ್ದರು. ನಿನ್ನ ಕೋಟೆಗಳಲ್ಲಿ ಬರೀ ಗಂಡಸರೇ, ನೀರು ಹೊತ್ತವರು ಯಾರು ಎಂದು ಒಮ್ಮೆ ಕೇಳಿದರು. ಅದು ಪುಸ್ತಕದಲ್ಲಿರಲಿಲ್ಲ. ಮೂರನೆಯ ವಾರ ಏನೂ ಸಿಗಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರಲ್ಲ, ನನಗೆ ಆ ಇಲಿಯೂ ದಕ್ಕಲಿಲ್ಲ. ಕಂಡವರ ಮನೆಯಲ್ಲಿ ಎರಡು ಹೊತ್ತು ಉಂಡು, ಬರಿಗೈಲಿ ಜಗಲಿಗೆ ಹೋಗಲು ನಾಚಿಕೆ. ಆ ವಾರದ ನಾಲ್ಕನೆಯ ಸಂಜೆ ಒಂದು ಕಥೆ ಕಟ್ಟಿದೆ. ಅಂಬಾಜಿದುರ್ಗದ ಕೋಟೆ ಕಟ್ಟುವಾಗ ಒಬ್ಬ ಮುದುಕಿ ಕಲ್ಲುಕೆಲಸದವರಿಗೆ ದಿನಾ ಮಜ್ಜಿಗೆ ಹೊತ್ತು ಬೆಟ್ಟ ಹತ್ತುತ್ತಿದ್ದಳು, ಅದಕ್ಕೇ ಅಲ್ಲಿನ ಒಂದು ದೊಣೆಗೆ ಮಜ್ಜಿಗೆ ದೊಣೆ ಎಂದು ಹೆಸರು ಬಂತು ಎಂದೆ. ಸುಳ್ಳು ಹೇಳಿದರೂ ನಿಜದ ತಲೆಯ ಮೇಲೆ ಹೊಡೆದ ಹಾಗೆ ಹೇಳಿದೆ. ಅಮ್ಮನವರ ಕೈಯಲ್ಲಿದ್ದ ಹೂ ಹಾಗೇ ನಿಂತಿತು. ಇನ್ನೊಂದು ಸಲ ಹೇಳಿಸಿಕೊಂಡರು.

ಎರಡು ವರ್ಷದ ಮೇಲೆ ಮತ್ತೆ ಕಾರ್ಡು ಬರೆದು ಹೋದೆ. ಕೈಕಾಲು ತೊಳೆಯುವುದರೊಳಗೆ ಅಮ್ಮನವರು ಒಂದು ಮಾಸಪತ್ರಿಕೆ ತಂದು ಮುಂದಿಟ್ಟರು. ನಡುವೆ ಮೈಸೂರಿನಿಂದ ಒಬ್ಬ ಸಂಶೋಧಕರು ಬಂದು ತಿಂಗಳಿದ್ದರಂತೆ. ಇವರು ಅವರಿಗೆ ಮಜ್ಜಿಗೆ ಮುದುಕಿಯ ಕಥೆ ಹೇಳಿದ್ದರಂತೆ, ಅವರು ಅಚ್ಚು ಹಾಕಿಸಿದ್ದರು. ಅವಳನ್ನು ಮೊದಲು ತಂದವನು ನೀನು, ನೀನೇ ಓದು ಎಂದರು.

ಓದಿದೆ. ಇದು ಆ ಭಾಗದ ಹಿರಿಯರ ಬಾಯಲ್ಲಿ ತಲೆಮಾರುಗಳಿಂದ ಉಳಿದು ಬಂದ ಐತಿಹ್ಯ ಎಂದಿತ್ತು. ಅಮ್ಮನವರ ಮುಖ ಅರಳಿತ್ತು. ಸುಮ್ಮನಿದ್ದುಬಿಡಬಹುದಿತ್ತು, ಕೇಳುವವರು ಯಾರೂ ಇರಲಿಲ್ಲ. ಆದರೆ ಆ ಮುಖ ನೋಡಿಕೊಂಡು ಇನ್ನೊಂದು ತಿಂಗಳು ಅವರ ಜಗಲಿಯ ಮೇಲೆ ಕೂರುವುದು ನನ್ನಿಂದಾಗುತ್ತಿರಲಿಲ್ಲ. ಆ ಮುದುಕಿ ಯಾವ ಪುಸ್ತಕದಲ್ಲೂ ಇಲ್ಲ, ಏನೂ ಸಿಗದೆ ನಾಚಿಕೆಯಾಗಿ ನಾನೇ ಕಟ್ಟಿದ್ದು ಎಂದೆ.

ಅವರು ಪತ್ರಿಕೆ ಮಡಚಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಕೇಳಿದರು.

"ಏನೂ ಸಿಗ್ಲಿಲ್ಲ ಅಂದಿದ್ರೆ ಮುದ್ದೆ ಇಕ್ತಿರ್ಲಿಲ್ವೇನಪ್ಪಾ?"

ಹೊಡೆದಿದ್ದರೆ ವಾಸಿಯಿತ್ತು.

ಮೈಸೂರಿನವರಿಗೆ ಅಂದೇ ಕಾಗದ ಬರೆದೆ. ಉತ್ತರ ಬರಲಿಲ್ಲ. ಅಮ್ಮನವರು ನನ್ನನ್ನು ಹೊರಡು ಅನ್ನಲಿಲ್ಲ, ಊಟದಲ್ಲಿ ಏನೂ ಕಡಿಮೆ ಮಾಡಲಿಲ್ಲ. ಮರುದಿನ ಸಂಜೆ ನಾನು ಹೇಳಲು ಕೂತಾಗ ಮಾತ್ರ, ಪುಸ್ತಕ ಎತ್ಕೊಂಡು ಬಾ ಎಂದರು. ತಂದೆ. ಎಲ್ಲಿದೆ ತೋರಿಸು ಎಂದು ಬೆರಳು ಚಾಚಿದರು. ಆ ಬೆರಳು ಹಿಡಿದು ಸಾಲಿನ ಮೇಲಿಟ್ಟೆ. ಒಂದಕ್ಷರವೂ ತಿಳಿಯದ ಅವರು ಸಾಲಿನ ಕೊನೆಯವರೆಗೂ ನಿಧಾನವಾಗಿ ಬೆರಳು ಎಳೆದು, ಈಗ ಹೇಳು ಎಂದರು.

ಮುಂದೆ ಅಲ್ಲಿಗೆ ಹೋದವರೆಲ್ಲ ಹೀಗೇ ಪುಸ್ತಕ ತಂದು ಅವರ ಬೆರಳನ್ನು ಸಾಲಿನ ಮೇಲಿಡಬೇಕಾಗಿತ್ತು. ಈ ಕಟ್ಟಳೆ ಯಾಕೆ ಬಂತೆಂದು ಎಷ್ಟೋ ಜನ ಕೇಳಿದರಂತೆ. ಅವರು ಯಾರಿಗೂ ಹೇಳಲಿಲ್ಲ.