ತಂಗಿ ಮಲಗಿದ ಹಾಸಿಗೆ

ಕಿಟಕಿಗೆ ಪರದೆ ಹೊಲಿಯುವುದೇ ಕಸುಬಾದ್ದರಿಂದ ಬೀದಿಯವರೆಲ್ಲ ಅವಳನ್ನು ಪರದೆ ಅಕ್ಕ ಎನ್ನುತ್ತಿದ್ದರು. ಹೊಲಿಗೆ ಮಿಷನ್ನಿನ ಪೆಡಲ್ ತುಳಿದೂ ತುಳಿದೂ ಬಲ ಮಂಡಿ ಸವೆದಿತ್ತು. ಆದರೆ ಅದು ಹೊಸ ನೋವು. ಹಳೆಯದು ಬೇರೆ. ಹರೆಯದಲ್ಲಿ ಒಂದು ಜ್ವರದ ಹಿಂದೆ ಬಂದು ಸೇರಿಕೊಂಡದ್ದು, ಮತ್ತೆ ಬಿಟ್ಟು ಹೋಗಿರಲಿಲ್ಲ. ಇವತ್ತು ಕತ್ತು, ನಾಳೆ ಸೊಂಟ, ನಾಡಿದ್ದು ಬೆರಳ ಸಂದು ಎಂದು ಮೈಯೆಲ್ಲ ಓಡಾಡುತ್ತಿತ್ತು. ಪರೀಕ್ಷೆಗಳಲ್ಲಿ ಏನೂ ಸಿಗುತ್ತಿರಲಿಲ್ಲ. ಕಳ್ಳನಿಲ್ಲದಿದ್ದರೂ ಕೂಗುವ ಕಾವಲುಗಾರನಂತೆ ನರಗಳು ಸುಮ್ಮನೆ ಕೂಗಿಕೊಳ್ಳುವ ಕಾಯಿಲೆ, ಪೂರ್ತಿ ವಾಸಿಯಾಗುವುದಿಲ್ಲ ಎಂದು ವೈದ್ಯರೊಬ್ಬರು ಹೇಳಿದ್ದರು. ಉಳಿದವರು ಅಷ್ಟೂ ಹೇಳಿರಲಿಲ್ಲ. ಅವಳ ತಂಗಿಯಂತೂ, "ನೋವು ನಿಂಗೆ ಅಭ್ಯಾಸ ಆಗ್ಬಿಟ್ಟಿದೆ ಅಕ್ಕಾ" ಎಂದು ನಗುತ್ತಿದ್ದಳು.

ಮಂಡಿ ಬದಲಿಸುವ ಆಪರೇಷನ್ ನಿಶ್ಚಯವಾದಾಗ ಮೂಳೆ ವೈದ್ಯರು ಮೊದಲೇ ಎಚ್ಚರಿಸಿದರು. ಇಂಥ ಕಾಯಿಲೆಯವರಿಗೆ ಆಮೇಲಿನ ನೋವು ಉಳಿದವರಿಗಿಂತ ಹೆಚ್ಚಿರಬಹುದು, ಈಗಿನಿಂದಲೇ ತೊಡೆಯ ಸ್ನಾಯು ಗಟ್ಟಿ ಮಾಡಿಕೊಳ್ಳಬೇಕು, ಮೆಟ್ಟಿಲು ಹತ್ತಬಾರದು. ಅವಳ ಗಂಡ ಬಸ್ ಓಡಿಸಿ ನಿವೃತ್ತನಾದವನು. ಕಾಲಿಗೆ ತೊಡರುವ ಜಮಖಾನೆಗಳನ್ನೆಲ್ಲ ಸುತ್ತಿಟ್ಟ, ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿದ, ಕೆಳಗಿನ ಕೋಣೆಗೆ ಒಂದು ಮಂಚ ತಂದ. ರಸ್ತೆ ರಿಪೇರಿ ಮುಗಿಯುವ ತನಕ ಮಹಡಿಗೆ ಹೋಗುವ ದಾರಿ ಬಂದ್ ಎಂದು ತಮಾಷೆ ಮಾಡಿದ. ನೋಡಿಕೊಳ್ಳಲು ತಂಗಿ ಬಂದಳು. ಮಹಡಿಯಲ್ಲಿ ಅಕ್ಕ ಮಲಗುತ್ತಿದ್ದ ಹಾಸಿಗೆಯೇ ಅವಳ ಪಾಲಿಗೆ ಬಂತು.

ಆ ವಾರವೇ ಒಂದು ಬೆಳಿಗ್ಗೆ ಪರದೆ ಅಕ್ಕ ಎದ್ದು ಕೂತಾಗ ನೋವಿರಲಿಲ್ಲ. ಮಂಡಿಯಲ್ಲಿ ಮಾತ್ರ ಇತ್ತು. ಉಳಿದ ಮೈ, ಬಾಡಿಗೆಯವರು ಖಾಲಿ ಮಾಡಿಹೋದ ಮನೆಯಂತೆ ಸದ್ದಿಲ್ಲದೆ ಬಿದ್ದಿತ್ತು. ಖುಷಿಯಾಗಬೇಕಿತ್ತು. ಆದರೆ ತನ್ನ ಭುಜ ಎಲ್ಲಿಗೆ ಮುಗಿಯುತ್ತದೆಂದೇ ತಿಳಿಯದೆ ಬಾಗಿಲ ಚೌಕಟ್ಟಿಗೆ ಢಿಕ್ಕಿ ಹೊಡೆಯುತ್ತಿದ್ದಳು. ಕಾದ ಪಾತ್ರೆ ಮುಟ್ಟಿದ್ದು, ಬೆರಳಿನಲ್ಲಿ ಬೊಬ್ಬೆ ಎದ್ದದ್ದನ್ನು ನೋಡಿದ ಮೇಲೆ ಗೊತ್ತಾಯಿತು. ವೈದ್ಯರಿಗೆ ಫೋನ್ ಮಾಡಿದರೆ, ಕೆಲವೊಮ್ಮೆ ಹಾಗೆ ತಗ್ಗುವುದುಂಟು, ಅದೃಷ್ಟ ಅಂದುಕೊಳ್ಳಿ ಎಂದರು.

ಇತ್ತ ತಂಗಿಯ ಮಾತು ಕಡಿಮೆಯಾಗುತ್ತ ಬಂತು. ಕತ್ತಿಗೆ ಬಟ್ಟೆ ತಾಗಿದರೆ ಸರಿಸಿಕೊಳ್ಳುತ್ತಿದ್ದಳು. ನಲ್ಲಿಯನ್ನು ಬೆರಳಿನಿಂದ ತಿರುಗಿಸದೆ ಮಣಿಕಟ್ಟಿನಿಂದ ದೂಡುತ್ತಿದ್ದಳು. ಅದು ಪರದೆ ಅಕ್ಕ ತಾನೇ ಕಂಡುಕೊಂಡಿದ್ದ ಉಪಾಯ, ಯಾರಿಗೂ ಹೇಳಿಕೊಟ್ಟಿರಲಿಲ್ಲ. ಏನಾಯಿತೆಂದು ಕೇಳಿದರೆ, ಜಾಗ ಬದಲಾಗಿದೆಯಲ್ಲ, ನಿದ್ದೆ ಸರಿಯಿಲ್ಲ ಎಂದಳು.

ಆಸ್ಪತ್ರೆಗೆ ಸೇರುವ ಹಿಂದಿನ ಮಧ್ಯಾಹ್ನ ಪರದೆ ಅಕ್ಕ ಕೆಳಗೆ ಕುರ್ಚಿಯಲ್ಲಿ ಕೂತು, ಕಾಲು ಚಾಚಿ ತೊಡೆ ಬಿಗಿ ಮಾಡುತ್ತಿದ್ದಳು. ಮೆಟ್ಟಿಲ ಮೇಲೆ ಸದ್ದಾಯಿತು. ಒಂದು ಹೆಜ್ಜೆ, ತಡೆದು ಗೋಡೆಗೆ ಕೈ ಉಜ್ಜುವ ಸದ್ದು, ಮತ್ತೊಂದು ಹೆಜ್ಜೆ.

"ಮೆಟ್ಟಿಲು ಹತ್ಬೇಡ ಅಂದಿರಲಿಲ್ವಾ?" ಎಂದ ಗಂಡ, ಪೇಪರಿನಿಂದ ಕಣ್ಣು ತೆಗೆಯದೆ.

ಆಮೇಲೆ ತಲೆಯೆತ್ತಿದ. ಎದುರಿಗೇ ಕೂತಿದ್ದ ಹೆಂಡತಿಯನ್ನು ನೋಡಿ ಪೇಪರನ್ನು ಮೆಲ್ಲಗೆ ಮಡಿಸಿಟ್ಟ.

ಇಳಿದು ಬಂದದ್ದು ತಂಗಿ. ಕೊನೆಯ ಮೆಟ್ಟಿಲಲ್ಲೇ ಕುಸಿದು ಕೂತಳು. ಮುಖ ಬಿಳಿಚಿಕೊಂಡಿತ್ತು.

"ಅಕ್ಕಾ, ಇಷ್ಟು ವರ್ಷ ಇದನ್ನ ಇಟ್ಕೊಂಡೇ ಹೊಲೀತಿದ್ಯಾ?"

ಪರದೆ ಅಕ್ಕ ಚಾಚಿದ ಕಾಲನ್ನು ಕೆಳಗಿಳಿಸಿದಳು. ಯಾರಾದರೂ ಕೇಳಲಿ ಎಂದು ಅರ್ಧ ಆಯುಷ್ಯ ಕಾದಿದ್ದ ಮಾತು ಅದು. ಒಂದು ಗಳಿಗೆ ಆಸೆಯೂ ಹುಟ್ಟಿತು. ನಾಳೆಯೊಂದು ಕಳೆಯಲಿ, ಈ ಹಗುರ ಮೈಯಲ್ಲೇ ಆಪರೇಷನ್ ಮುಗಿಸಿಕೊಂಡುಬಿಡುತ್ತೇನೆ, ಅವಳದ್ದು ಆಮೇಲೆ ನೋಡೋಣ. ಹಾಗೆ ಯೋಚಿಸಿದ್ದು ತಾನೇ ಎಂದು ತಿಳಿದಾಗ ಕುರ್ಚಿಯಿಂದ ಎದ್ದುಬಿಟ್ಟಳು.

ತಂಗಿಯನ್ನು ಕೆಳಗಿನ ಮಂಚದಲ್ಲಿ ಮಲಗಿಸಿ, ಕಂಬಿ ಹಿಡಿದು ಮೆಟ್ಟಿಲು ಹತ್ತತೊಡಗಿದಳು. ಗಂಡ ಬೈಯುತ್ತಲೇ ಹಿಂದಿನಿಂದ ಬೆನ್ನಿಗೆ ಕೈ ಕೊಟ್ಟ. ಮಹಡಿಯ ಹಾಸಿಗೆಯಲ್ಲಿ ಮೈ ಒತ್ತಿದ ತಗ್ಗು ಇನ್ನೂ ಬೆಚ್ಚಗಿತ್ತು. ಅದರಲ್ಲೇ ಮಲಗಿ, ಹೊಸಿಲಾಚೆ ನಿಂತು ನಾಚಿಕೊಳ್ಳುವ ಮಗುವನ್ನು ಕರೆಯುವಂತೆ, "ಬಾ" ಎಂದಳು.

ಕಿಟಕಿಯ ಬಿಸಿಲು ಗೋಡೆಗೆ ಸರಿಯುವಷ್ಟರಲ್ಲಿ ಅದು ಬಂತು. ಮೊದಲು ಪಾದಕ್ಕೆ, ಆಮೇಲೆ ಸೊಂಟಕ್ಕೆ. ಕೊನೆಗೆ ಕತ್ತಿನ ಹಿಂದೆ ತನ್ನ ಮಾಮೂಲಿ ಜಾಗ ಹಿಡಿದು ಕೂತಿತು. ಬೆರಳಿನ ಬೊಬ್ಬೆ ಆಗ ಉರಿಯತೊಡಗಿತು. ಕೆಳಗಿನಿಂದ ತಂಗಿಯ ಗೊರಕೆ ಕೇಳಿಸಿತು.

ಆಪರೇಷನ್ ಆಯಿತು. ನೋವು ವೈದ್ಯರು ಹೇಳಿದ್ದಕ್ಕಿಂತಲೂ ಹೆಚ್ಚೇ ಕಾಡಿತು. ಮುಟ್ಟಲು ಬಂದ ನರ್ಸಿನ ನೆರಳು ಬಿದ್ದರೂ ಉರಿಯುತ್ತಿತ್ತು. ಆದರೂ ಹಲ್ಲು ಕಚ್ಚಿ ವಾಕರ್ ಹಿಡಿದು ನಡೆದಳು, ಮಳೆಗಾಲ ಮುಗಿಯುವ ಹೊತ್ತಿಗೆ ವಾಕರನ್ನೂ ಬಿಟ್ಟಳು. ಮಂಡಿ ಚೆನ್ನಾಗಿ ಕೂಡಿಕೊಂಡಿದೆ. ಹಳೆಯ ಕಾಯಿಲೆ ಹಾಗೇ ಇದೆ.

ತಂಗಿ ತನ್ನೂರಿಗೆ ಹೋಗಿ ಆರಾಮಾಗಿದ್ದಾಳೆ. ಬೆಳಿಗ್ಗೆ ಬೆಳಿಗ್ಗೆ ಫೋನ್ ಮಾಡುತ್ತಾಳೆ. ಹೇಗಿದ್ದೀಯ ಎಂದು ಮಾತ್ರ ಕೇಳುವುದಿಲ್ಲ.

"ಇವತ್ತು ಎಡಗೈ ಅಲ್ವಾ ಅಕ್ಕಾ?" ಎನ್ನುತ್ತಾಳೆ.

ಇದುವರೆಗೆ ಒಂದು ಸಲವೂ ತಪ್ಪು ಹೇಳಿಲ್ಲ.