ಈರುಳ್ಳಿ ಒಗ್ಗದ ಮಣ್ಣು

ಭಾಗ್ಯಳ ಈರುಳ್ಳಿ ಕೊಳೆತದ್ದು ನನ್ನಿಂದ. ಬೇಡವೆಂದು ಅವಳು ಹೇಳಿಹೋಗಿದ್ದ ನೀರನ್ನು ನಾನು ಕಟ್ಟಿದೆ, ಯೂರಿಯಾ ಎರಚಿದೆ, ಕೇಳಿದಾಗ ಇಲ್ಲವೆಂದೆ. ಇಷ್ಟನ್ನು ಬರೆದೆ. ಒಲೆಯ ಮೇಲೆ ಹಾಲಿತ್ತು, ಎದ್ದು ಹೋಗಿ ಉರಿ ಸಣ್ಣ ಮಾಡಿ ಬಂದು ಕೂತೆ.

ಭಾಗ್ಯ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಅವಳ ತವರು ಬಿಂಡಿಗನವಿಲೆಯ ಹತ್ತಿರ, ಮಳೆ ನಂಬಿ ಬದುಕುವ ಊರು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಇಬ್ಬರೂ ಬಂದು ಸೇರಿದ್ದು ಪಾಂಡವಪುರದ ಕಡೆಯ ಈ ನಾಲೆ ಬಯಲಿನ ಮನೆಗೆ. ಇಲ್ಲಿ ಬೆಳೆಯೆಂದರೆ ಕಬ್ಬು, ಇಲ್ಲವೇ ಭತ್ತ. ನಾಲೆಯಲ್ಲಿ ನೀರಿದ್ದೂ ಹೊಲ ಒಣಗಿಸುವುದೆಂದರೆ ಮನೆಗೆ ಬಂದವರನ್ನು ಊಟ ಹಾಕದೆ ಕಳಿಸಿದಂತೆ.

ಭಾಗ್ಯ ಮಾವನವರನ್ನು ಕಾಡಿ ಹಿತ್ತಿಲಿನಾಚೆಯ ತುಂಡು ಜಮೀನು ಕೇಳಿಕೊಂಡಳು. ಈರುಳ್ಳಿ ಹಾಕುತ್ತೇನೆ ಅಂದಳು. ಮಾವ ಒಪ್ಪಿದ್ದು ಒಂದು ಮಾತಿನ ಮೇಲೆ — ಬೆಳೆ ಕೈಗೆ ಬಂದರೆ ಆ ತುಂಡು ಅವಳದು, ಅವಳಿಷ್ಟದ ಬೇಸಾಯ. ಬರದಿದ್ದರೆ ಕಬ್ಬು, ಮತ್ತೆ ಸೊಲ್ಲೆತ್ತುವ ಹಾಗಿಲ್ಲ.

ಅವಳು ನೀರು ಕಟ್ಟುತ್ತಿದ್ದ ರೀತಿ ನೋಡಿ ಮಾವ ಜಗಲಿಯಲ್ಲಿ ಕೂತು ಅಣಕಿಸುತ್ತಿದ್ದರು. "ನೀರು ಕಾಣ್ದಿರೋ ಊರಿಂದ ಎಣ್ಣು ತಂದ್ರೆ ಇಂಗೇಯ. ಈರುಳ್ಳಿನೂ ಉಪಾಸ ಕೆಡವ್ತಾಳೆ."

"ನಿಮ್ಮೂರೋರ್ಗೆ ನೀರು ಕಂಡ್ರೆ ಸಾಕು ಮಾವ, ಬೆಳೆಗೂ ಅಮಲೇರೋ ತಂಕ ಕುಡಿಸ್ತೀರಿ" ಎಂದು ಅವಳು ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಮಾವನವರೂ ನಗುತ್ತಿದ್ದರು. ನಾನು ಹಾಗೆ ಒಂದು ದಿನವೂ ಅವರನ್ನು ನಗಿಸಿದವಳಲ್ಲ — ಇದನ್ನು ಯಾಕೆ ಬರೆದೆನೋ.

ಗೆಡ್ಡೆ ಬಲಿತಿತ್ತು. ಸೊಪ್ಪಿನ ತುದಿ ಹಳದಿಗೆ ತಿರುಗಿ, ಅಲ್ಲೊಂದು ಇಲ್ಲೊಂದು ಬಾಗಿ ಮಲಗತೊಡಗಿತ್ತು. ಆಗಲೇ ಅವಳ ತಾಯಿಗೆ ಹುಷಾರಿಲ್ಲವೆಂದು ಫೋನು ಬಂತು. ಹೊರಟವಳು ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು.

"ಅಕ್ಕಾ, ನೀರು ಮುಟ್ಟಿಸ್ಬ್ಯಾಡ. ಗೊಬ್ಬರನೂ ಬ್ಯಾಡ. ಸೊಪ್ಪು ತಾನಾಗೇ ಮಲಗ್ಲಿ. ಮಲಗುದ್ರೇನೆ ಕತ್ತು ಒಣಗಿ ಗೆಡ್ಡೆ ಬಾಯಿ ಮುಚ್ಚೋದು. ಆಮೇಲೆ ಎಷ್ಟ್ ದಿನ ಇಟ್ರೂ ಕೆಡಾಕಿಲ್ಲ."

ಆಯಿತು ಅಂದೆ. ಅವಳ ಕೂದಲಿಗೆ ಅಂಟಿದ್ದ ಹುಲ್ಲಿನ ಎಳೆ ತೆಗೆದೆ. ಆದ್ದರಿಂದ, ಗೊತ್ತಿರಲಿಲ್ಲ ಎಂದು ಹೇಳಲು ನನಗೆ ದಾರಿಯಿಲ್ಲ.

ದಿನವೂ ಬಟ್ಟೆ ಒಣಹಾಕುವಾಗ ಆ ಹೊಲ ಕಣ್ಣಿಗೆ ಬೀಳುತ್ತಿತ್ತು. ಪಕ್ಕದ ಗದ್ದೆಗಳು ಹಸಿರು, ಇದೊಂದೇ ಬಾಡಿದ್ದು. ಶಾಲೆಯಲ್ಲಿ ಗುಲಾಬಿ ಕುಂಡಗಳ ಜವಾಬ್ದಾರಿ ನನ್ನದಾಗಿತ್ತು. ಎಲೆ ಜೋತರೆ ಸಿಸ್ಟರ್ ಬೈಯುತ್ತಿರಲಿಲ್ಲ, ಸುಮ್ಮನೆ ನನ್ನ ಮುಖ ನೋಡುತ್ತಿದ್ದರು. ಭಾಗ್ಯ ವಾಪಸು ಬಂದು ಹಸಿರು ನೋಡಿ ಬೆರಗಾಗಲಿ ಅಂದುಕೊಂಡೆನೇ? ಅವಳಿಗಿಂತ ನನಗೆ ಚೆನ್ನಾಗಿ ಗೊತ್ತು ಅಂದುಕೊಂಡೆನೇ? ಅಥವಾ ಜಗಲಿಯ ಆ ನಗು — ತಿಳಿಯದು. ಎಷ್ಟೋ ಸಲ ಕೆದಕಿ ನೋಡಿದ್ದೇನೆ. ಕೈಗೆ ಸಿಗುವುದು ನೀರು ಹರಿದದ್ದು ಮಾತ್ರ.

ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಕಾಲುವೆಯ ಬಾಯಿಗಿಟ್ಟಿದ್ದ ಕಲ್ಲು ಸರಿಸಿದೆ. ಭತ್ತಕ್ಕೆ ತಂದು ಮಿಕ್ಕಿದ್ದ ಯೂರಿಯಾವನ್ನು ಮೊರದಲ್ಲಿ ತಂದು, ಸಬ್ಬಕ್ಕಿಯಂಥ ಆ ಬಿಳಿ ಕಾಳನ್ನು ಮಡಿಮಡಿಗೂ ಎರಚಿದೆ. ನೀರು ಮಡಿ ತುಂಬುವಾಗ ಸಣ್ಣ ಗುಳ್ಳೆಗಳೇಳುತ್ತಿದ್ದವು. ಕಾಲುಂಗುರದ ಸಂದಿಯಲ್ಲಿ ಕೆಸರು ಸೇರಿತ್ತು. ಯಾರೂ ಕೇಳಲಿಲ್ಲ — ನಾಲೆ ಊರಿನಲ್ಲಿ ಹೊಲಕ್ಕೆ ನೀರು ಹರಿದರೆ ಯಾರು ತಿರುಗಿ ನೋಡುತ್ತಾರೆ?

ಭಾಗ್ಯ ಬರುವ ಹೊತ್ತಿಗೆ ಮೇಲ್ಮಣ್ಣು ಆರಿತ್ತು. ಸೊಪ್ಪು ಮಾತ್ರ ಕಡುಹಸಿರಾಗಿ ನೆಟ್ಟಗೆ ನಿಂತಿತ್ತು. ಅವಳು ಒಂದು ಗಿಡ ಕಿತ್ತು ಕತ್ತನ್ನು ಹಿಸುಕಿ ನೋಡಿದಳು. ಹೆಬ್ಬೆರಳ ಗಾತ್ರ, ಹಸಿಹಸಿ.

"ಅಕ್ಕಾ, ನೀರೇನಾರ ಬುಟ್ಟಿದ್ಯಾ?"

"ಇಲ್ಲ ಕಣೇ" ಅಂದೆ.

ಅವಳು ನನ್ನನ್ನು ಮತ್ತೊಂದು ಸಲ ನೋಡಲೂ ಇಲ್ಲ, ಅಷ್ಟು ನಂಬಿದಳು. ಮಣ್ಣನ್ನು ಅಂಗೈಯಲ್ಲಿ ಉಜ್ಜುತ್ತಾ, "ಅಂಗಾರೆ ಮಣ್ಣೇ ಸರಿಯಿಲ್ಲ ಕಣಕ್ಕಾ. ತಳದಲ್ಲಿ ನೀರು ಇಡ್ಕಂಡದೆ" ಅಂದಳು.

ಕಾದು ನೋಡಿ ಕೊನೆಗೆ ಕಿತ್ತಳು, ನೆರಳಲ್ಲಿ ಹರಡಿದಳು, ಕೊಟ್ಟಿಗೆಯ ಅಟ್ಟದಲ್ಲಿ ಒಟ್ಟಿದಳು. ಮುಚ್ಚದ ಕತ್ತಿನಿಂದಲೇ ಕೊಳೆ ಇಳಿಯಿತು. ಮೊದಲು ವಾಸನೆ, ಆಮೇಲೆ ಅಟ್ಟದ ಸಂದಿನಿಂದ ತೊಟ್ಟಿಕ್ಕುವ ಕಂದು ನೀರು. ಅವಳು ಮಂಕರಿಯಲ್ಲಿ ತುಂಬಿ ತುಂಬಿ ತಿಪ್ಪೆಗೆ ಹೊತ್ತಳು. ನಾನೂ ಹೊತ್ತೆ. "ಕೈಯೆಲ್ಲಾ ಗಬ್ಬು, ನೀನ್ಯಾಕ್ ಮುಟ್ಟೀಯ, ಬುಡಕ್ಕಾ" ಅಂದಳು. ಆ ವರ್ಷ ಮಾವ ಅಣಕಿಸಲೂ ಇಲ್ಲ. "ಕಬ್ಬು ಆಕ್ಬುಡಾನ ಕಣವ್ವ" ಅಂದರು, ಅಷ್ಟೇ. ಅವಳು ಕೊಟ್ಟ ಮಾತಿನಂತೆ ಮತ್ತೆ ಸೊಲ್ಲೆತ್ತಲಿಲ್ಲ. ಜಗಲಿಯ ನಗುವೂ ಅಲ್ಲಿಗೆ ನಿಂತಿತು.

ಮಾವ ಈಗಿಲ್ಲ, ಮನೆಯಲ್ಲಿ ಒಲೆಯೂ ಎರಡಾಗಿದೆ. ಎಲ್ಲ ಹಳೆಯದಾಯಿತು ಅಂದುಕೊಂಡಿದ್ದೆ. ಮೊನ್ನೆ ಭಾಗ್ಯಳ ಮಗಳು ಕಾವ್ಯ, ಈ ಸಲ ಕಬ್ಬು ಕಡಿದ ಮೇಲೆ ಆ ತುಂಡಿನಲ್ಲಿ ಈರುಳ್ಳಿ ಹಾಕೋಣ ಎಂದಳು. ಭಾಗ್ಯ ಅವರೆಕಾಯಿ ಬಿಡಿಸುತ್ತಾ ತಲೆಯೆತ್ತದೆ, "ಬ್ಯಾಡ ಕಣವ್ವ. ನಮ್ ಮಣ್ಗೆ ಈರುಳ್ಳಿ ಒಗ್ಗಾಕಿಲ್ಲ. ನಾನು ನೋಡ್ಬುಟ್ಟಿವ್ನಿ. ಬೇಕಾರೆ ನಿಮ್ ದೊಡ್ಡವ್ವನ್ನೇ ಕೇಳು" ಅಂದಳು.

ಕಾವ್ಯ ನನ್ನ ಕಡೆ ತಿರುಗಿದಳು. ನಾನು ಹೌದೆಂಬಂತೆ ತಲೆಯಾಡಿಸಿದೆ.

ಮೊದಲನೆಯದು ಗಾಬರಿಯಲ್ಲಿ ಬಂದ ಸುಳ್ಳು ಎಂದುಕೊಳ್ಳಬಹುದಿತ್ತೇನೋ. ಇದು ಹಾಗಲ್ಲ. ಇದನ್ನು ಗೊತ್ತಿದ್ದೇ, ಅವರೆಯ ಸಿಪ್ಪೆ ರಾಶಿ ಮಾಡುತ್ತಾ, ಸಮಾಧಾನವಾಗಿ ಆಡಿದ್ದೇನೆ. ನನ್ನ ಸುಳ್ಳು ಆ ಹುಡುಗಿಗೆ ಅವಳಮ್ಮನ ಬುದ್ಧಿಮಾತಾಗಿ ಹೋಯಿತು.

ಹಿತ್ತಿಲ ಬಾಗಿಲ ಚಿಲಕ ಸದ್ದಾಯಿತು. ಭಾಗ್ಯಳೇ — ಹಾಲಿಗೆ ಹೆಪ್ಪು ಕೇಳಲು ಬಂದಿರಬೇಕು, ಹಿಂದೆ ಕಾವ್ಯಳ ದನಿಯೂ ಇದೆ. ಇಬ್ಬರೂ ಇರುವುದೇ ಸರಿ. ಇದನ್ನು ಮಡಚಿಟ್ಟು ಎದ್ದು ಹೋಗಿ ಹೇಳುತ್ತೇನೆ — ಮಣ್ಣಿನದೇನೂ ತಪ್ಪಿಲ್ಲ ಭಾಗ್ಯ. ನೀರು ಬಿಟ್ಟಿದ್ದು ನಾನು.